ಕೈದಾಟುವಾಗ ಕಳೆದುಹೋದ ಕರೆ

ರಾತ್ರಿ ಹತ್ತೂವರೆ ಗಂಟೆ. ತಾಲ್ಲೂಕು ಕೇಂದ್ರವೊಂದರ ಸಣ್ಣ ನರ್ಸಿಂಗ್ ಹೋಮ್. ಸ್ವಾಗತದ ಮೇಜಿನ ಮುಂದೆ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ತರುಣಿಯೊಬ್ಬಳು ಕುಳಿತಿದ್ದಾಳೆ. ಎದುರಿಗಿರುವುದು ಹಳೆಯ ಕಾಲದ ಕಪ್ಪು ಟೆಲಿಫೋನಲ್ಲ. ಕಂಪ್ಯೂಟರಿನ ತೆರೆಯ ಮೇಲೆ ಮೂಡಿದ ದೂರವಾಣಿಯ ಚಿತ್ರ. ಗುಂಡಿಗಳೂ ಚಿತ್ರವೇ, ಗಂಟೆಯ ಸದ್ದೂ ತಂತ್ರಾಂಶದ್ದೇ. ಕರೆ ಬರುತ್ತದೆ. ಇಪ್ಪತ್ತು ಕಿಲೋಮೀಟರು ಆಚೆಯ ಹಳ್ಳಿಯಿಂದ ಗಂಡಸೊಬ್ಬನ ನಡುಗುವ ದನಿ:

"ಅಮ್ಮಾ, ಮಗುವಿಗೆ ಜ್ವರ ಇಳಿದಿಲ್ಲ. ಈಗ ಕೈಕಾಲು ಸೆಟೆದುಕೊಳ್ಳುತ್ತಿವೆ. ಡಾಕ್ಟರಮ್ಮನವರು ಇದ್ದಾರೆಯೆ?"

"ಮನೆಯಲ್ಲಿದ್ದಾರೆ ಅಣ್ಣಾ. ಫೋನು ಇಡಬೇಡಿ. ಈಗಲೇ ಅವರಿಗೆ ಕೊಡುತ್ತೇನೆ."

ಆಕೆ ವರ್ಗಾವಣೆಯ ಗುಂಡಿಯನ್ನೊತ್ತಿ, ವೈದ್ಯೆಯ ಮನೆಯ ಎಕ್ಸ್‌ಟೆನ್ಷನ್ ೨೦೪ನ್ನು ಬರೆದು, ಕೈ ತೆಗೆಯುತ್ತಾಳೆ. ಕರೆ ತೆರೆಯಿಂದ ಮಾಯವಾಗುತ್ತದೆ. ಕೆಲಸವಾಯಿತೆಂದು ಆಕೆಯ ನೆಮ್ಮದಿ. ಅತ್ತ ವೈದ್ಯೆಯ ಮನೆಯಲ್ಲಿ ಗಂಟೆಯೇನೋ ಬಾರಿಸಿತು. ಆಕೆ ಎತ್ತಿಕೊಂಡದ್ದೂ ಆಯಿತು. "ಹಲೋ, ಹಲೋ" ಎಂದು ನಾಲ್ಕು ಬಾರಿ ಕೂಗಿದರು. ಉತ್ತರವಿಲ್ಲ. ಯಾರೋ ತಪ್ಪಿ ಮಾಡಿದ್ದಾರೆಂದು ಇಟ್ಟರು. ಇತ್ತ ಹಳ್ಳಿಯ ತಂದೆಗೂ ಮೌನವೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆ ಇಂಥ ಗಳಿಗೆಗಾಗಿಯೇ ಹುಟ್ಟಿತೇನೊ!

ಆತ ಪುನಃ ಕರೆದ. ತರುಣಿ ಬುದ್ಧಿವಂತೆ. ಈ ಬಾರಿ ಆತನ ನಂಬರನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು, ತನ್ನ ಸ್ವಂತ ಮೊಬೈಲಿನಿಂದ ವೈದ್ಯೆಗೆ ವಿಷಯ ತಿಳಿಸಿದಳು. ವೈದ್ಯೆ ತಾವೇ ಆತನನ್ನು ಕರೆದು, ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕೆಂದೂ, ಬಾಯಿಗೆ ಏನನ್ನೂ ಹಾಕಬಾರದೆಂದೂ, ಕೂಡಲೇ ಹೊರಟು ಬರಬೇಕೆಂದೂ ಹೇಳಿದರು. ಮಗು ಬಂದಿತು, ಉಳಿಯಿತು. ಆದರೆ ನಡುವೆ ಏಳೆಂಟು ನಿಮಿಷ ವ್ಯರ್ಥವಾಗಿ ಕಳೆದಿತ್ತು.

ಇಂಥ ದೃಶ್ಯ ಇಂದು ಯಾವ ಊರಿನಲ್ಲಾದರೂ ನಡೆದೀತು. ವಕೀಲರ ಕಚೇರಿಯಲ್ಲಿ, ಲಾರಿ ಕಂಪನಿಯಲ್ಲಿ, ಶಾಲೆಯಲ್ಲಿ, ಎಲ್ಲೆಲ್ಲಿ ಅಂತರ್ಜಾಲದ ಮೂಲಕ ದೂರವಾಣಿ ನಡೆಯುವುದೋ ಅಲ್ಲೆಲ್ಲ ಕೇಳಿಬರುವ ದೂರು ಒಂದೇ: "ಮಾತು ಚೆನ್ನಾಗಿಯೇ ಕೇಳುತ್ತದೆ; ಇನ್ನೊಬ್ಬರಿಗೆ ದಾಟಿಸಿದರೆ ಮಾತ್ರ ಕೈಕೊಡುತ್ತದೆ." ಇದಕ್ಕೆ ಕಾರಣವೇನು? ಪರಿಹಾರವೆಂತು?

ಹಗ್ಗ ಹಿಡಿದ ಕೈಗಳು

ಕರೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಕೆಲಸ ದೂರವಾಣಿಯಷ್ಟೇ ಹಳೆಯದು. ಅಮೆರಿಕದ ನ್ಯೂ ಹೇವನ್ ನಗರದಲ್ಲಿ ೧೮೭೮ರ ಜನವರಿ ೨೮ರಂದು ೨೧ ಮಂದಿ ಚಂದಾದಾರರಿಗಾಗಿ ವಿನಿಮಯ ಕೇಂದ್ರವೊಂದು ತೆರೆಯಿತು. ಸರಿಯಾಗಿ ನಾಲ್ಕು ವರ್ಷಗಳ ತರುವಾಯ, ೧೮೮೨ರ ಜನವರಿ ೨೮ರಂದೇ, ಕಲ್ಕತ್ತೆಯ ಕೇಂದ್ರವೂ ೯೩ ಚಂದಾದಾರರೊಡನೆ ಆರಂಭವಾಯಿತು. ಆಗಿನ ಹಲಗೆಯ ಮುಂದೆ ಕುಳಿತ ಆಪರೇಟರು ತಂತಿಯ ಹಗ್ಗವೊಂದನ್ನು ತೂತಿನಿಂದ ತೂತಿಗೆ ಚುಚ್ಚಿ ಇಬ್ಬರನ್ನು ಕೂಡಿಸುತ್ತಿದ್ದರು. ಕೂಡಿಸಿದ ಮೇಲೂ ಒಂದು ಕ್ಷಣ ಕಿವಿಗೊಟ್ಟು, ಇಬ್ಬರೂ ಮಾತಿಗೆ ತೊಡಗಿದರೆಂದು ತಿಳಿದ ಬಳಿಕವೇ ಹಿಂದೆ ಸರಿಯುತ್ತಿದ್ದರು. ಟ್ರಂಕ್ ಕಾಲ್ ಕಾಯ್ದಿರಿಸಿ ಗಂಟೆಗಟ್ಟಲೆ ಕಾದ ಹಿರಿಯ ವಾಚಕರಿಗೆ "ಮಾತಾಡಿ, ಮಾತಾಡಿ" ಎಂಬ ಆ ದನಿ ಇನ್ನೂ ನೆನಪಿದ್ದೀತು.

ತರುವಾಯ ಯಂತ್ರಗಳು ಬಂದುವು. ಸ್ಟ್ರೌಜರ್ ಎಂಬಾತ ೧೮೯೧ರಲ್ಲಿ ಪೇಟೆಂಟು ಪಡೆದ ಸ್ವಯಂಚಾಲಿತ ಪದ್ಧತಿ ಲೋಕವನ್ನೆಲ್ಲ ಸುತ್ತಿತು. ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಐಟಿಐ ಕಾರ್ಖಾನೆಯೂ ಅದೇ ಪದ್ಧತಿಯ ಯಂತ್ರಗಳನ್ನು ತಯಾರಿಸಿತು. ಆ ಕಾರ್ಖಾನೆಯ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. ೧೯೬೦ರಲ್ಲಿ ಕಾನ್ಪುರ ಮತ್ತು ಲಕ್ನೋ ನಡುವೆ ಆಪರೇಟರ ನೆರವಿಲ್ಲದೆ ನೇರವಾಗಿ ಊರಿಂದೂರಿಗೆ ಡಯಲು ಮಾಡುವ ಸೌಕರ್ಯ ಪ್ರಾರಂಭವಾಯಿತು. ಹಗ್ಗ ಹಿಡಿದ ಕೈ ಹೀಗೆ ಮೆಲ್ಲಮೆಲ್ಲನೆ ಮರೆಯಾಯಿತು. ಅದರೊಡನೆ ಕಿವಿಗೊಟ್ಟು ನೋಡುವ ಆ ಒಂದು ಕ್ಷಣವೂ ಮರೆಯಾಯಿತೆಂಬುದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಶಿಫಾರಸು ಪತ್ರ

ಅಂತರ್ಜಾಲ ದೂರವಾಣಿಯಲ್ಲಿ ಮಾತು ತಂತಿಯಲ್ಲಿ ಹರಿಯುವ ಅಲೆಯಲ್ಲ. ಅದನ್ನು ಅಂಕಿಗಳಾಗಿ ಕತ್ತರಿಸಿ, ಸಾಮಾನ್ಯವಾಗಿ ಸೆಕೆಂಡಿಗೆ ೫೦ರಂತೆ ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ ಕಳುಹಿಸಲಾಗುತ್ತದೆ. ಈ ಪೊಟ್ಟಣಗಳ ಹಾದಿ ಬೇರೆ. "ಇಂಥವರು ಇಂಥವರನ್ನು ಕರೆಯುತ್ತಿದ್ದಾರೆ" ಎಂಬ ಸಮಾಚಾರದ ಹಾದಿ ಬೇರೆ. ಮೊದಲನೆಯದಕ್ಕೆ ಆರ್‌ಟಿಪಿ ಎಂದೂ ಎರಡನೆಯದಕ್ಕೆ ಸಿಪ್ ಎಂದೂ ಹೆಸರು. ಸಿಪ್ ನಿಯಮಾವಳಿ ೧೯೯೯ರಲ್ಲಿ ಪ್ರಕಟವಾಗಿ, ೨೦೦೨ರಲ್ಲಿ ಪರಿಷ್ಕೃತವಾಯಿತು. ಮದುವೆಯ ಉಪಮೆ ಕೊಡುವುದಾದರೆ, ಸಿಪ್ ಎಂಬುದು ಲಗ್ನಪತ್ರಿಕೆ. ಮಾತಿನ ಪೊಟ್ಟಣಗಳು ನೆಂಟರ ಗಾಡಿಗಳು. ಪತ್ರಿಕೆಯಲ್ಲಿ ಬರೆದ ವಿಳಾಸವನ್ನು ನಂಬಿಕೊಂಡೇ ಗಾಡಿಗಳು ಹೊರಡುತ್ತವೆ. ಪತ್ರಿಕೆ ತಲುಪಿತು, ಗಾಡಿ ಮಾತ್ರ ಬರಲಿಲ್ಲ ಎಂಬ ವಿಚಿತ್ರ ಸಂಗತಿ ಈ ಪದ್ಧತಿಯಲ್ಲಿ ಸಾಧ್ಯವಾಗುವುದು ಹೀಗೆ.

ಇನ್ನು ವರ್ಗಾವಣೆ. ಗುಂಡಿಯನ್ನೊತ್ತಿದಾಗ ಕರೆ ಗಂಟಿನಂತೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಜಾರುವುದೆಂದು ಜನರ ಭಾವನೆ. ವಾಸ್ತವ ಹಾಗಲ್ಲ. ಮೊದಲು ಕರೆ ಸ್ವೀಕರಿಸಿದವರ ತಂತ್ರಾಂಶ ಶಿಫಾರಸು ಪತ್ರವೊಂದನ್ನು ಬರೆಯುತ್ತದೆ: "ನನ್ನಿಂದಾಗುವುದಿಲ್ಲ, ಇಂಥವರನ್ನು ಕರೆಯತಕ್ಕದ್ದು, ಏನಾಯಿತೆಂದು ನನಗೆ ತಿಳಿಸತಕ್ಕದ್ದು." ೨೦೦೩ರ ನಿಯಮದಲ್ಲಿ ಈ ಪತ್ರಕ್ಕೆ ರೆಫರ್ ಎಂದೇ ಹೆಸರು. ಪತ್ರ ಪಡೆದವರು ಮೊದಲು ಒಪ್ಪಬೇಕು, ಆಮೇಲೆ ಹೊಸದಾಗಿ ಒಂದು ಕರೆ ಹೂಡಬೇಕು, ಅದು ಫಲಿಸಿತೋ ಇಲ್ಲವೋ ಎಂಬ ವರದಿಯನ್ನು ಹಿಂದಕ್ಕೆ ಕಳುಹಿಸಬೇಕು. ಆ ವರದಿ ಬಂದ ಮೇಲೆ ಹಳೆಯ ಕರೆಯನ್ನು ಮುಗಿಸುವುದೇ ಕ್ಷೇಮದ ಕ್ರಮ. ಅಂದರೆ ವರ್ಗಾವಣೆಯೆಂಬುದು ಮೂವರು ಸೇರಿ ಮಾಡಿಕೊಳ್ಳುವ ಒಪ್ಪಂದ. ಮೂವರಲ್ಲಿ ಒಬ್ಬರು ತಪ್ಪಿದರೂ ಕರೆ ನೆಲಕ್ಕೆ ಬೀಳುತ್ತದೆ.

ಕಚೇರಿಗಳಲ್ಲಿ ನಡುವೆ ಇನ್ನೊಬ್ಬ ಯಜಮಾನ ಕುಳಿತಿರುವುದುಂಟು. ಅದೇ ಒಳಗಿನ ಎಕ್ಸ್‌ಚೇಂಜು. ಮೊದಲು ಗೋಡೆಗೆ ತೂಗುಹಾಕಿದ ಇಪಿಎಬಿಎಕ್ಸ್ ಪೆಟ್ಟಿಗೆಯಾಗಿದ್ದ ಅದು ಈಗ ಒಂದು ಸಾಧಾರಣ ಕಂಪ್ಯೂಟರಿನಲ್ಲಿ ತಂತ್ರಾಂಶವಾಗಿ ನಡೆಯಬಲ್ಲುದು. ಮಾರ್ಕ್ ಸ್ಪೆನ್ಸರ್ ಎಂಬ ಅಮೆರಿಕದ ತರುಣ ೧೯೯೯ರಲ್ಲಿ ಬರೆದು, ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟ ಆಸ್ಟರಿಸ್ಕ್ ಇವುಗಳಲ್ಲಿ ಹೆಸರಾದುದು. ಇಂಥ ಎಕ್ಸ್‌ಚೇಂಜು ಶಿಫಾರಸು ಪತ್ರವನ್ನು ತಾನೇ ಇಸಿದುಕೊಂಡು, ಹೊಸ ಕರೆಯನ್ನು ತಾನೇ ಹೂಡಿ, ಎರಡು ತುದಿಗಳನ್ನೂ ತಾನೇ ಗಂಟುಹಾಕುತ್ತದೆ.

ವರ್ಗಾವಣೆಯಲ್ಲಿ ಎರಡು ಬಗೆ. ಕೇಳದೆ ದಾಟಿಸುವುದು ಒಂದು. ಇದಕ್ಕೆ ಕುರುಡು ವರ್ಗಾವಣೆಯೆನ್ನುವರು. ಕರೆದವರನ್ನು ಕಾಯಲು ಹೇಳಿ, ಎರಡನೆಯ ಕರೆಯಲ್ಲಿ ಸಂಬಂಧಪಟ್ಟವರೊಡನೆ ಮಾತನಾಡಿ, ಅವರು ಹೂಂ ಎಂದ ಮೇಲೆ ಕೂಡಿಸುವುದು ಇನ್ನೊಂದು. ಇದು ವಿಚಾರಿಸಿ ದಾಟಿಸುವ ಬಗೆ. ಎರಡರ ರೋಗಗಳೂ ಬೇರೆಬೇರೆ.

ಒಂದು ನೋಟುಪುಸ್ತಕ

ಮರುದಿನ ನರ್ಸಿಂಗ್ ಹೋಮಿಗೆ ತಂತ್ರಜ್ಞ ಬಂದ. ಮಧ್ಯವಯಸ್ಸು, ಮಿತಭಾಷಿ.

"ಸಾರ್, ಟ್ರಾನ್ಸ್‌ಫರ್ ಕೆಲಸ ಮಾಡುವುದಿಲ್ಲ" ಎಂದಳು ತರುಣಿ.

"ನಿಮ್ಮ ಡಾಕ್ಟರಮ್ಮನವರ ಬಳಿ ರೋಗಿ ಬಂದು 'ಹುಷಾರಿಲ್ಲ' ಎಂದಷ್ಟೇ ಹೇಳಿದರೆ ಅವರು ಔಷಧಿ ಬರೆಯುತ್ತಾರೆಯೇ ತಾಯಿ?"

ತರುಣಿ ನಕ್ಕಳು. ಆತ ಆಕೆಗೆ ನೋಟುಪುಸ್ತಕವೊಂದನ್ನು ಕೊಟ್ಟು, ವಾರದವರೆಗೆ ಐದು ಸಂಗತಿಗಳನ್ನು ಬರೆಯಲು ತಿಳಿಸಿದ. ಎಷ್ಟು ಗಂಟೆಗೆ? ಕರೆ ಎಲ್ಲಿಂದ ಬಂದದ್ದು? ಯಾವ ಉಪಕರಣದಿಂದ, ಯಾರಿಗೆ ದಾಟಿಸಿದ್ದು? ಮೂವರಿಗೂ ಕೇಳಿಸಿದ್ದೇನು? ಎಷ್ಟು ಸೆಕೆಂಡುಗಳ ಮೇಲೆ ಕಡಿಯಿತು? ಅಲ್ಲಿಯವರೆಗೂ ತುರ್ತು ಕರೆಗಳನ್ನು ದಾಟಿಸದೆ, ನಂಬರು ಬರೆದುಕೊಂಡು ಬೇರೆ ಫೋನಿನಿಂದ ತಿಳಿಸಬೇಕೆಂದು ತಾಕೀತು ಮಾಡಿದ.

ವಾರದ ಕೊನೆಗೆ ಪುಸ್ತಕವನ್ನು ತೆರೆದು ನೋಡಿದರೆ ರೋಗ ಒಂದಲ್ಲ, ನಾಲ್ಕು! "ಟ್ರಾನ್ಸ್‌ಫರ್ ಆಗುವುದಿಲ್ಲ" ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ದೋಷಗಳು ಅಡಗಿದ್ದುವು. ವರ್ಗಾವಣೆಯ ದೋಷ ಪತ್ತೆಮಾಡುವ ವಿದ್ಯೆಯ ಗುಟ್ಟೆಲ್ಲ ಇಷ್ಟೇ: ಆಜ್ಞೆ ತಲುಪಿತೆ? ಹೊಸ ಕರೆ ಹೊರಟಿತೆ? ಎರಡೂ ಕೂಡಿದುವೆ? ಕೂಡಿದ ಮೇಲೆ ದನಿ ಹರಿಯಿತೆ? ಈ ನಾಲ್ಕು ಮೆಟ್ಟಿಲುಗಳಲ್ಲಿ ಕಾಲು ಜಾರಿದ್ದು ಯಾವುದರಲ್ಲಿ ಎಂದು ಮೊದಲು ತಿಳಿಯತಕ್ಕದ್ದು.

ಆಜ್ಞೆ ಕೇಳದ ಕಿವಿ

ಮೊದಲನೆಯ ದೂರು ವಾರ್ಡಿನ ನರ್ಸಿನದು. ಆಕೆಯ ಬಳಿಯಿದ್ದದ್ದು ಸಾದಾ ಐಪಿ ಫೋನು. ಎಕ್ಸ್‌ಚೇಂಜಿನ ಗುಪ್ತಸಂಖ್ಯೆಯಂತೆ ಹ್ಯಾಷ್ ಮತ್ತು ೧ನ್ನು ಒತ್ತಿದರೆ ಕರೆ ದಾಟಬೇಕು. ಆದರೆ ಎದುರಿನವರಿಗೆ "ಕುಂಯ್ ಕುಂಯ್" ಎಂಬ ಸದ್ದು ಕೇಳಿಸಿತೇ ಹೊರತು ಬೇರೇನೂ ಆಗಲಿಲ್ಲ.

ಗುಂಡಿ ಒತ್ತಿದಾಗ ಹುಟ್ಟುವುದು ಎರಡು ಸ್ವರಗಳ ಜೋಡಿ. ಹ್ಯಾಷ್ ಗುಂಡಿಗೆ ೯೪೧ ಮತ್ತು ೧೪೭೭ ಹರ್ಟ್ಸ್ ಎಂದು ಗೊತ್ತುಮಾಡಲಾಗಿದೆ. ಈ ಪದ್ಧತಿಯನ್ನು ಅಮೆರಿಕದ ಬೆಲ್ ಕಂಪನಿ ೧೯೬೩ರಲ್ಲಿ ಬಳಕೆಗೆ ತಂದಿತು. ಅಂತರ್ಜಾಲದಲ್ಲಿ ಈ ಸ್ವರಗಳನ್ನು ಮಾತಿನೊಡನೆ ಬೆರೆಸಿಯೂ ಕಳುಹಿಸಬಹುದು. "ಇಂಥ ಗುಂಡಿ ಒತ್ತಲಾಗಿದೆ" ಎಂಬ ಪ್ರತ್ಯೇಕ ಪೊಟ್ಟಣವಾಗಿಯೂ ಕಳುಹಿಸಬಹುದು. ಸಿಪ್ ಸಮಾಚಾರದಲ್ಲಿಯೂ ಕಳುಹಿಸಬಹುದು. ಫೋನು ಒಂದು ರೀತಿಯಲ್ಲಿ ಹೇಳಿ, ಎಕ್ಸ್‌ಚೇಂಜು ಇನ್ನೊಂದು ರೀತಿಯಲ್ಲಿ ಕಾದರೆ ಆಜ್ಞೆ ಗಾಳಿಗೆ ಹೋದಂತೆಯೇ. ಜಿ.೭೨೯ರಂಥ, ಮಾತನ್ನು ಬಿಗಿಯಾಗಿ ಹಿಂಡಿ ಕಳುಹಿಸುವ ಪದ್ಧತಿಯಲ್ಲಿ ಮಾತಿನೊಡನೆ ಬೆರೆತ ಸ್ವರ ವಿಕಾರಗೊಳ್ಳುತ್ತದೆ. ಆದುದರಿಂದ ಎಲ್ಲ ಫೋನುಗಳಲ್ಲಿಯೂ ಎಕ್ಸ್‌ಚೇಂಜಿನಲ್ಲಿಯೂ ಪ್ರತ್ಯೇಕ ಪೊಟ್ಟಣದ ಪದ್ಧತಿಯನ್ನೇ ಇಡುವುದು ಲೇಸು. ೨೦೦೦ದಲ್ಲಿ ೨೮೩೩ ಎಂಬ ಸಂಖ್ಯೆಯಿಂದ ಪ್ರಕಟವಾಗಿ, ೨೦೦೬ರಲ್ಲಿ ೪೭೩೩ ಎಂದು ಪರಿಷ್ಕೃತವಾದ ನಿಯಮ ಇದೇ. ಫೋನಿನ ಪಟ್ಟಿಯಲ್ಲಿ ಈ ಎರಡರಲ್ಲಿ ಯಾವ ಸಂಖ್ಯೆ ಕಂಡರೂ ಉದ್ದೇಶ ಒಂದೇ.

ಪರೀಕ್ಷೆ ಸುಲಭ. ಅದೇ ಫೋನಿನಿಂದ "ಕನ್ನಡಕ್ಕಾಗಿ ಒಂದನ್ನು ಒತ್ತಿ" ಎಂದು ಕೇಳುವ ಯಾವುದಾದರೊಂದು ಸೇವೆಗೆ ಕರೆಮಾಡಿ ನೋಡಿದರೆ ಸರಿ. ಒತ್ತಿದ್ದು ಅಲ್ಲಿ ಅರ್ಥವಾದರೆ ಫೋನು ನಿರ್ದೋಷಿ ಎಂದು ಬಹುಮಟ್ಟಿಗೆ ತಿಳಿಯಬಹುದು.

ನರ್ಸಿನ ಫೋನು ನಿರ್ದೋಷಿಯೇ ಆಗಿತ್ತು. ದೋಷವಿದ್ದದ್ದು ಅನುಮತಿಯಲ್ಲಿ. ಆಸ್ಟರಿಸ್ಕಿನಲ್ಲಿ ಕರೆ ಹೂಡುವ ಆಜ್ಞೆಗೆ ಸಣ್ಣ 'ಟಿ' ಅಕ್ಷರವನ್ನು ಸೇರಿಸಿದರೆ ಕರೆ ಸ್ವೀಕರಿಸಿದವರಿಗೆ ದಾಟಿಸುವ ಹಕ್ಕು. ದೊಡ್ಡ 'ಟಿ' ಸೇರಿಸಿದರೆ ಕರೆ ಮಾಡಿದವರಿಗೆ ಆ ಹಕ್ಕು. ನರ್ಸು ಸ್ವೀಕರಿಸಿದವಳು, ಆಕೆಗೆ ಬೇಕಾದದ್ದು ಸಣ್ಣ ಅಕ್ಷರ. ಅದನ್ನು ಯಾರೂ ಬರೆದಿರಲಿಲ್ಲ. ಬರೆಯದಿದ್ದರೆ ಎಕ್ಸ್‌ಚೇಂಜು ಗುಂಡಿಯ ಸದ್ದಿಗೆ ಕಿವಿಗೊಡುವುದೇ ಇಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. ಕೆಲವರು ಅವಸರದಲ್ಲಿ ಎರಡೂ ಅಕ್ಷರಗಳನ್ನು ಎಲ್ಲೆಡೆ ತುಂಬಿಬಿಡುವುದುಂಟು. ಹೊರಗಿನಿಂದ ಬರುವ ಕರೆಗೆ ದೊಡ್ಡ ಅಕ್ಷರದ ಹಕ್ಕನ್ನು ಕೊಟ್ಟರೆ, ಹೊರಗಿನ ವಂಚಕನೇ ಹ್ಯಾಷ್ ಒತ್ತಿ, ನಿಯಮಗಳು ಸಡಿಲವಾಗಿದ್ದರೆ, ಕಚೇರಿಯ ಖರ್ಚಿನಲ್ಲಿ ಪರದೇಶಕ್ಕೆ ಕರೆ ಹೂಡಿಯಾನು! ಮನೆಯ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟಂತೆಯೇ ಅದು.

ಇನ್ನೊಂದು ಸಣ್ಣ ಸಂಗತಿ. ಗುಪ್ತಸಂಖ್ಯೆಯಲ್ಲಿ ಎರಡು ಗುಂಡಿಗಳಿದ್ದರೆ ಅವುಗಳ ನಡುವೆ ಸುಮಾರು ಒಂದು ಸೆಕೆಂಡಿಗಿಂತ ಹೆಚ್ಚು ಅವಕಾಶ ದೊರೆಯದಿರಬಹುದು. ಹ್ಯಾಷ್ ಒತ್ತಿ, ಕನ್ನಡಕ ಸರಿಮಾಡಿಕೊಂಡು, ಆಮೇಲೆ ೧ನ್ನು ಹುಡುಕುವವರಿಗೆ ಅದು ಸಾಲದು. ಆ ಅವಧಿಯನ್ನು ಹೆಚ್ಚಿಸಿಕೊಳ್ಳಲು ಬರುತ್ತದೆ.

ಹೊರಡಲಾರದ ಕರೆ

ಎರಡನೆಯ ದೂರು ವೈದ್ಯೆಯ ಸಾಮಾನ್ಯ ಮೊಬೈಲಿಗೆ ದಾಟಿಸುವಾಗ ಬಂದದ್ದು. ದಾಟಿಸಿದೊಡನೆಯೇ ನಿರಾಕರಣೆ. ಕೆಲವು ಬಾರಿ ನಡೆದುದೂ ಉಂಟು. ಅದರಿಂದಲೇ ಗೊಂದಲ ಹೆಚ್ಚಿತ್ತು.

ಹೊರಗಿನಿಂದ ಬಂದ ಕರೆಯನ್ನು ಹೊರಗಿನ ಮೊಬೈಲಿಗೇ ದಾಟಿಸಿದಾಗ ಎಕ್ಸ್‌ಚೇಂಜು ಸೇವೆ ಕೊಡುವ ಕಂಪನಿಯ ಎರಡು ದಾರಿಗಳನ್ನು ಬಳಸಿಕೊಳ್ಳುತ್ತದೆ: ಬಂದದ್ದಕ್ಕೆ ಒಂದು, ಹೋಗುವುದಕ್ಕೆ ಒಂದು. ನರ್ಸಿಂಗ್ ಹೋಮು ಪಡೆದಿದ್ದದ್ದು ಎರಡೇ ದಾರಿ. ಅದೇ ವೇಳೆಗೆ ಇನ್ನೊಬ್ಬರು ಹೊರಗೆ ಮಾತನಾಡುತ್ತಿದ್ದರೆ ಮೂರನೆಯದಕ್ಕೆ ಎಡೆಯೆಲ್ಲಿ? ಹಗಲಿನಲ್ಲಿ ವಿಫಲವಾದ ಕರೆಗಳಿಗೆ ಇದೇ ಕಾರಣ.

ರಾತ್ರಿಯ ವೈಫಲ್ಯಕ್ಕೆ ಕಾರಣ ಬೇರೆ. ದಾಟಿಸಿದ ಕರೆಯಲ್ಲಿ ಎಕ್ಸ್‌ಚೇಂಜು ಹಳ್ಳಿಯವನ ನಂಬರನ್ನೇ ಕರೆಯುವವರ ನಂಬರೆಂದು ಮುಂದಿಟ್ಟಿತ್ತು. ಸೇವೆ ಕೊಡುವ ಕಂಪನಿಗಳು ಅನೇಕ ಸಲ ತಾವು ಕೊಟ್ಟ ನಂಬರನ್ನಲ್ಲದೆ ಬೇರೆಯದನ್ನು ಒಪ್ಪುವುದಿಲ್ಲ. ಮೋಸದ ಕರೆಗಳ ಈ ಕಾಲದಲ್ಲಿ ಅದು ನ್ಯಾಯವೂ ಹೌದು. ಇಂಥಲ್ಲಿ ೪೦೩ ಎಂಬ ನಿಷೇಧದ ಉತ್ತರ ಬರಬಹುದು. ಸಂಸ್ಥೆಯ ನಂಬರನ್ನೇ ಮುಂದಿಡುವಂತೆ ತಿದ್ದಿದರೆ ದಾರಿ ತೆರೆಯುತ್ತದೆ. ಆದರೆ ಆಗ ವೈದ್ಯೆಗೆ ಕರೆದವನ ನಂಬರು ಕಾಣಿಸದು. ಆದುದರಿಂದ ನಂಬರನ್ನು ಚೀಟಿಯಲ್ಲಿ ಬರೆದಿಡುವ ಅಭ್ಯಾಸ ಬಿಡತಕ್ಕದ್ದಲ್ಲ.

ಕಂಪನಿಗೆ ಶಿಫಾರಸು ಪತ್ರ ಕಳುಹಿಸಿ "ನೀವೇ ದಾಟಿಸಿರಿ" ಎಂದರೆ ಒಪ್ಪದಿರುವವರೂ ಉಂಟು. ಅಂಥಲ್ಲಿ ಎಕ್ಸ್‌ಚೇಂಜೇ ನಡುವೆ ನಿಂತು ಎರಡು ಕರೆಗಳನ್ನು ಸೇರಿಸಿಕೊಳ್ಳಬೇಕು. ಅಲ್ಲದೆ ಯಾವ ಫೋನಿಗೆ ಯಾವ ಯಾವ ನಂಬರುಗಳನ್ನು ಕರೆಯುವ ಅಪ್ಪಣೆಯಿದೆಯೆಂಬ ಪಟ್ಟಿ ಎಕ್ಸ್‌ಚೇಂಜಿನಲ್ಲಿರುತ್ತದೆ. ಒಳಗಿನ ನಂಬರುಗಳಿಗಷ್ಟೇ ಅಪ್ಪಣೆ ಪಡೆದ ಫೋನಿನಿಂದ ಹೊರಗೆ ದಾಟಿಸಹೊರಟರೆ ಬಾಗಿಲು ಮುಚ್ಚಿರುವುದು ಸಹಜವೇ.

ಕೂಡಲಾರದ ಎರಡು ತುದಿಗಳು

ಮೂರನೆಯ ದೂರು ವಿಚಾರಿಸಿ ದಾಟಿಸುವ ಬಗೆಯದು. ತರುಣಿ ವೈದ್ಯೆಯೊಡನೆ ಮಾತನಾಡಿ ಒಪ್ಪಿಗೆ ಪಡೆದು ಕೂಡಿಸಹೋದರೆ ಇಬ್ಬರೂ ಮಾಯ!

ಇಲ್ಲಿ ಮೊದಲು ನೋಡಬೇಕಾದದ್ದು ಒತ್ತಿದ ಗುಂಡಿ ಯಾವುದೆಂದು. ಕೆಲವು ತಂತ್ರಾಂಶಗಳಲ್ಲಿ ಎರಡನೆಯ ಕರೆಯಾದ ಮೇಲೆ ವರ್ಗಾವಣೆಯ ಗುಂಡಿಯನ್ನು ಮತ್ತೊಮ್ಮೆ ಒತ್ತಬೇಕು. ಅಭ್ಯಾಸಬಲದಿಂದ ಕೆಂಪು ಗುಂಡಿಯನ್ನೊತ್ತಿದರೆ ವೈದ್ಯೆಯ ಕರೆ ಕಡಿದು, ಕಾಯುತ್ತಿರುವವನು ಕಾಯುತ್ತಲೇ ಉಳಿಯುತ್ತಾನೆ. ಆದರೆ ತರುಣಿ ಒತ್ತಿದ್ದು ಸರಿಯಾಗಿಯೇ ಇತ್ತು.

ತಂತ್ರಜ್ಞನಿಗೆ ಕಂಡದ್ದು ಇನ್ನೊಂದು ಸಂಗತಿ. ಆಕೆಯ ತಂತ್ರಾಂಶದಲ್ಲಿ ಎರಡು ಖಾತೆಗಳಿದ್ದುವು: ಒಂದು ಎಕ್ಸ್‌ಚೇಂಜಿನದು, ಮತ್ತೊಂದು ಯಾರೋ ಹಿಂದೆ ಪರೀಕ್ಷೆಗೆಂದು ಸೇರಿಸಿದ, ನೇರವಾಗಿ ಕಂಪನಿಯದು. ಹಳ್ಳಿಯ ಕರೆ ಮೊದಲನೆಯದರ ಮೂಲಕ ಬಂದಿತ್ತು. ವೈದ್ಯೆಗೆ ಮಾಡಿದ ಕರೆ ಎರಡನೆಯದರ ಮೂಲಕ ಹೋಗಿತ್ತು. ವಿಚಾರಿಸಿ ದಾಟಿಸುವಾಗ ಶಿಫಾರಸು ಪತ್ರದಲ್ಲಿ "ನಾನು ಈಗಾಗಲೇ ಮಾತನಾಡುತ್ತಿರುವ ಆ ಕರೆಯ ಜಾಗಕ್ಕೆ ಇವರನ್ನು ಕೂರಿಸತಕ್ಕದ್ದು" ಎಂದು ಬರೆದಿರುತ್ತದೆ. ೨೦೦೪ರ ನಿಯಮವೊಂದು ಇದನ್ನು ವಿವರಿಸುತ್ತದೆ. ಆದರೆ ಆ ಕರೆ ಎಕ್ಸ್‌ಚೇಂಜಿನ ಲೆಕ್ಕದಲ್ಲಿಯೇ ಇಲ್ಲ! "ಅಂಥ ಕರೆಯೇ ಇಲ್ಲ" ಎನ್ನುವುದಕ್ಕೆ ನಿಯಮದಲ್ಲಿ ೪೮೧ ಎಂಬ ಉತ್ತರವೇ ಉಂಟು. ಹೆಚ್ಚುವರಿ ಖಾತೆಯನ್ನು ತೆಗೆದುಹಾಕಿದೊಡನೆ ಈ ರೋಗ ವಾಸಿಯಾಯಿತು.

ಗುಪ್ತಸಂಖ್ಯೆಯಿಂದ ವಿಚಾರಿಸಿ ದಾಟಿಸುವವರಿಗೆ ಇನ್ನೊಂದು ತೊಡಕುಂಟು. ಆಸ್ಟರಿಸ್ಕಿನ ಮಾಮೂಲು ಏರ್ಪಾಡಿನಲ್ಲಿ ಕರೆಯಲ್ಪಟ್ಟವರು ೧೫ ಸೆಕೆಂಡುಗಳಲ್ಲಿ ಉತ್ತರಿಸದಿದ್ದರೆ ಪ್ರಯತ್ನ ಮುಗಿಯಿತು. ನಿದ್ದೆಯಲ್ಲಿರುವ ವೈದ್ಯೆ ಎದ್ದು, ದೀಪ ಹಚ್ಚಿ, ಫೋನು ಹುಡುಕುವಷ್ಟರಲ್ಲಿ ೧೫ ಸೆಕೆಂಡು ಎಲ್ಲಿಯ ಲೆಕ್ಕ? ತಂತ್ರಜ್ಞ ಅದನ್ನು ೪೦ಕ್ಕೆ ಏರಿಸಿದ.

ದನಿಯಿಲ್ಲದ ಮಿಲನ

ನಾಲ್ಕನೆಯದೇ ಆ ರಾತ್ರಿಯ ರೋಗ. ಗಂಟೆ ಬಾರಿಸಿತು, ಎತ್ತಿದ್ದೂ ಆಯಿತು; ದನಿ ಮಾತ್ರ ಇಲ್ಲ. ತಂತ್ರಜ್ಞ ಮೊದಲು ಸ್ವಾಗತದಿಂದ ನೇರವಾಗಿ ೨೦೪ಕ್ಕೆ ಕರೆಮಾಡಿಸಿ ಎರಡು ನಿಮಿಷ ಮಾತನಾಡಿಸಿದ. ಸ್ವಚ್ಛವಾಗಿ ಕೇಳಿಸಿತು. ಹೊರಗಿನ ಕರೆಯನ್ನು ದಾಟಿಸಿದಾಗ ಮಾತ್ರ ಮೌನ.

ವೈದ್ಯೆಯ ಮನೆಯಲ್ಲಿ ೨೦೪ ಎಂಬುದು ಅವರ ಮೊಬೈಲಿನಲ್ಲಿ ನಡೆಯುವ ತಂತ್ರಾಂಶ. ಅದು ಮನೆಯ ವೈಫೈಗೆ ಅಂಟಿಕೊಂಡದ್ದು. ಮನೆಯ ರೌಟರು ಒಳಗಿನ ಉಪಕರಣಗಳಿಗೆ ೧೯೨.೧೬೮ ಎಂದು ಮೊದಲಾಗುವ ಖಾಸಗಿ ವಿಳಾಸಗಳನ್ನು ಹಂಚಿರುತ್ತದೆ. ಇಂಥ ವಿಳಾಸಗಳು ಲಕ್ಷಾಂತರ ಮನೆಗಳಲ್ಲಿ ಒಂದೇ ಆಗಿರಬಲ್ಲವು. ಮನೆಯಾಚೆಗೆ ಅವಕ್ಕೆ ಅರ್ಥವಿಲ್ಲ. ಲಗ್ನಪತ್ರಿಕೆಯಲ್ಲಿ ಊರಿನ ಹೆಸರು ಬರೆಯದೆ "ಅಡುಗೆಮನೆಯ ಪಕ್ಕದ ಕೋಣೆ" ಎಂದಷ್ಟೇ ಬರೆದರೆ ಗಾಡಿ ಹೋಗುವುದೆಲ್ಲಿಗೆ?

ನೇರ ಕರೆಯಲ್ಲಿ ಎಕ್ಸ್‌ಚೇಂಜು ನಡುವೆ ನಿಂತು ಎರಡು ಕಡೆಯ ಮಾತನ್ನೂ ತಾನೇ ಹೊತ್ತು ತಲುಪಿಸುತ್ತಿತ್ತು. ವೈದ್ಯೆಯ ಫೋನಿನಿಂದ ಪೊಟ್ಟಣಗಳು ವಾಸ್ತವವಾಗಿ ಯಾವ ದಾರಿಯಿಂದ ಬಂದುವೆಂದು ನೋಡಿಕೊಂಡು, ಅದೇ ದಾರಿಯಲ್ಲಿ ಉತ್ತರವನ್ನು ಹಿಂದಿರುಗಿಸುವ ಜಾಣ್ಮೆ ಅದಕ್ಕಿತ್ತು. ದಾಟಿಸಿದ ಮೇಲಾದರೋ, ತನ್ನ ಹೊರೆ ಇಳಿಸಿಕೊಳ್ಳಲು ಅದು ಎರಡು ತುದಿಗಳಿಗೂ "ಇನ್ನು ನೀವು ನೇರವಾಗಿ ಮಾತನಾಡಿಕೊಳ್ಳಿ" ಎಂದು ಹೇಳಿ ಪಕ್ಕಕ್ಕೆ ಸರಿಯಿತು. ಕಂಪನಿಯ ಯಂತ್ರ ಅಡುಗೆಮನೆಯ ಪಕ್ಕದ ಕೋಣೆಯನ್ನು ಹುಡುಕುತ್ತ ಹೋಯಿತು! ಎಕ್ಸ್‌ಚೇಂಜು ಸರಿದುಹೋಗಬಾರದೆಂದು ಆ ಫೋನಿನ ಏರ್ಪಾಡಿನಲ್ಲಿ 'ಡೈರೆಕ್ಟ್ ಮೀಡಿಯ' ಎಂಬುದನ್ನು ನಿಲ್ಲಿಸಿದೊಡನೆ ದನಿ ಮರಳಿತು.

ಮೌನಕ್ಕೆ ಬೇರೆ ಕಾರಣಗಳೂ ಇರಬಹುದು. ಕೆಲವು ರೌಟರುಗಳು ಸಹಾಯ ಮಾಡುತ್ತೇವೆಂದು ಸಿಪ್ ಪತ್ರಗಳನ್ನು ಬಿಚ್ಚಿ ಅವುಗಳಲ್ಲಿನ ವಿಳಾಸವನ್ನು ತಿದ್ದುತ್ತವೆ. ಸಿಪ್ ಎಎಲ್‌ಜಿ ಎಂಬ ಈ ಉಪಕಾರ ಹಲವು ವೇಳೆ ಅಪಕಾರವೇ ಆಗುವುದರಿಂದ ಅದನ್ನು ನಿಲ್ಲಿಸಿ ನೋಡುವುದು ಒಳ್ಳೆಯದು. ಇನ್ನು ಕೆಲವೆಡೆ ಮಾತನ್ನು ಕಟ್ಟುವ ಪದ್ಧತಿಯೇ ಎರಡು ತುದಿಗಳಿಗೂ ಬೇರೆಯಾಗಿರುತ್ತದೆ, ಜಿ.೭೧೧ ಎಂಬ ಹಳೆಯ, ಸೆಕೆಂಡಿಗೆ ೬೪,೦೦೦ ಬಿಟ್ಟುಗಳ ಪದ್ಧತಿಯನ್ನು ಎಲ್ಲ ಫೋನುಗಳಲ್ಲಿಯೂ ಇಟ್ಟುಕೊಂಡರೆ ಆ ಜಗಳ ಬಹುಮಟ್ಟಿಗೆ ತಪ್ಪುತ್ತದೆ.

ದಾಟಿಸಿದ ಕರೆ ಚೆನ್ನಾಗಿ ನಡೆದು, ಪ್ರತಿ ಬಾರಿಯೂ ಸುಮಾರು ೩೨ ಸೆಕೆಂಡುಗಳಿಗೆ ಕಡಿಯುವುದಾದರೆ ಅದು ಅಮೂಲ್ಯವಾದ ಸುಳಿವು. ಫೋನು ಎತ್ತಿದ ಸಮಾಚಾರಕ್ಕೆ "ತಲುಪಿತು" ಎಂಬ ರಸೀದಿ ಬರಬೇಕು. ಬಾರದಿದ್ದರೆ ಅದೇ ಸಮಾಚಾರವನ್ನು ಮತ್ತೆ ಮತ್ತೆ ಕಳುಹಿಸಿ, ೩೨ ಸೆಕೆಂಡು ಕಾದು, ಕರೆಯನ್ನು ಮುಗಿಸತಕ್ಕದ್ದೆಂದು ೨೦೦೨ರ ನಿಯಮವೇ ಹೇಳುತ್ತದೆ. ರಸೀದಿ ದಾರಿತಪ್ಪುವುದು ಸಾಮಾನ್ಯವಾಗಿ ಅದೇ ತಪ್ಪು ವಿಳಾಸದಿಂದ. ತರುಣಿಯ ಪುಸ್ತಕದಲ್ಲಿ ಸೆಕೆಂಡುಗಳ ಕಲಮನ್ನು ಇರಿಸಿದ್ದುದರ ಮರ್ಮ ಇದು.

ಊಹೆಯಿಂದ ತೀರದ ದೋಷವನ್ನು ಕಣ್ಣಾರೆ ಕಾಣುವ ಉಪಾಯವೂ ಉಂಟು. ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶ ಹೋಗುವ ಬರುವ ಪೊಟ್ಟಣಗಳನ್ನು ಹಿಡಿದು, ಯಾರು ಯಾರಿಗೆ ಯಾವ ಪತ್ರ ಬರೆದರೆಂದು ಏಣಿಯ ಮೆಟ್ಟಿಲುಗಳಂತೆ ಸಾಲಾಗಿ ತೋರಿಸುತ್ತದೆ. ಉತ್ತರ ಬಾರದ ಮೆಟ್ಟಿಲೇ ರೋಗದ ನೆಲೆ. ಆದರೆ ಅದರಲ್ಲಿ ಜನರ ಮಾತೂ ಸಿಕ್ಕಿಬೀಳಬಹುದಾದ್ದರಿಂದ ಆಸ್ಪತ್ರೆಯಂಥ ಸ್ಥಳದಲ್ಲಿ ಪರೀಕ್ಷೆಯ ಕರೆಗಳನ್ನಷ್ಟೇ ಹಿಡಿಯುವುದು ಸಭ್ಯತೆ. ಮತ್ತು ಒಂದು ಬಾರಿಗೆ ಒಂದನ್ನೇ ತಿದ್ದತಕ್ಕದ್ದು. ನಾಲ್ಕನ್ನು ಒಟ್ಟಿಗೆ ತಿದ್ದಿದವನಿಗೆ ಗುಣವಾದದ್ದು ಯಾವುದರಿಂದ ಎಂಬುದು ತಿಳಿಯದು. ಕೆಟ್ಟದ್ದು ಯಾವುದರಿಂದ ಎಂಬುದೂ ತಿಳಿಯದು.

ಚೀಟಿ

ಕೆಲಸ ಮುಗಿಸಿ ಹೊರಡುವಾಗ ತಂತ್ರಜ್ಞ ನೋಟುಪುಸ್ತಕವನ್ನು ತರುಣಿಗೆ ಹಿಂದಿರುಗಿಸಿದ.

"ಈಗ ಎಲ್ಲ ಸರಿಯಾಯಿತಲ್ಲ ಸಾರ್. ಇನ್ನು ಇದೇಕೆ?" ಎಂದಳು ಆಕೆ.

"ಯಂತ್ರ ಸರಿಯಾಗಿದೆ ತಾಯಿ. ನಾಳೆ ರೌಟರು ಬದಲಾದೀತು, ಕಂಪನಿಯವರು ನಿಯಮ ಬದಲಿಸಿಯಾರು. ಮೊದಲು ನಂಬರು ಬರೆದುಕೊಳ್ಳಿ. ತುರ್ತಿನ ಕರೆಯನ್ನು ಕೇಳದೆ ದಾಟಿಸಬೇಡಿ. ಡಾಕ್ಟರಮ್ಮನವರ ದನಿ ಕೇಳಿ, ವಿಷಯ ಎರಡು ಮಾತಿನಲ್ಲಿ ಹೇಳಿ, ಆಮೇಲೆ ಕೂಡಿಸಿ. ಎರಡು ನಿಮಿಷ ಬಿಟ್ಟು, ಮಾತಾಯಿತೇ ಎಂದು ಒಮ್ಮೆ ವಿಚಾರಿಸಿ."

ಹಲಗೆಯ ಮುಂದೆ ಹಗ್ಗ ಹಿಡಿದು ಕುಳಿತಿದ್ದ ಆಪರೇಟರು ಮಾಡುತ್ತಿದ್ದದ್ದೂ ಇದನ್ನೇ. ಯಾವ ತಂತ್ರಾಂಶವಾದರೂ ತನ್ನ ಪಾಲಿನ ಕೆಲಸ ಮುಗಿಯಿತೆಂದು ವರದಿ ಮಾಡೀತು. ಹಳ್ಳಿಯ ತಂದೆಯ ಮಾತು ವೈದ್ಯೆಯ ಕಿವಿಗೆ ಬಿತ್ತೇ ಎಂದು ಕೇಳುವವರು ಮನುಷ್ಯರೇ ಆಗಬೇಕು.

ಆ ನರ್ಸಿಂಗ್ ಹೋಮಿನ ಸ್ವಾಗತದ ಮೇಜಿನ ಮೇಲೆ ನೋಟುಪುಸ್ತಕ ಇಂದಿಗೂ ಇದೆ. ಅದರ ಮೊದಲ ಪುಟದಲ್ಲಿ ಹಳ್ಳಿಯ ನಂಬರೊಂದು, ಪಕ್ಕದಲ್ಲಿ ಒಂದೇ ಮಾತು: "ಮಗು ಬಂತು."